ಮೂಳೆಗಳಿಗೂ ಒಂದು ಹೆಸರುಂಟು



ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಹಲವು ಸ್ಮಶಾನಗಳಲ್ಲಿ ಒಂದು ಕಾಲಕ್ಕೆ ಸಾಲು ಸಾಲು ಗೋರಿಗಳಿಗೆ ಎರಡೇ ಅಕ್ಷರಗಳ ಗುರುತಿತ್ತು: ‘ಎನ್.ಎನ್.’ ಹೆಸರು ಗೊತ್ತಿಲ್ಲದವರು ಎಂದು ಅದರ ಅರ್ಥ. ಅಲ್ಲಿ ಮಲಗಿದ್ದವರಿಗೆ ಹೆಸರೇ ಇರಲಿಲ್ಲವೆ? ಇತ್ತು. ಅವರಿಗೆ ತಂದೆತಾಯಿಗಳಿದ್ದರು, ಒಡಹುಟ್ಟಿದವರಿದ್ದರು, ಕೆಲವರಿಗೆ ಪುಟ್ಟ ಮಕ್ಕಳೂ ಇದ್ದರು. ಅವರಲ್ಲಿ ಬಹಳ ಮಂದಿ ನಿಮಗಿಂತ ಕೆಲವೇ ವರ್ಷ ಹಿರಿಯರು. ಅವರ ಹೆಸರನ್ನು ಬೇಕೆಂದೇ ಅಳಿಸಲಾಗಿತ್ತು.

ಹಾಗೆ ಅಳಿಸಿಹೋದ ಹೆಸರನ್ನು ಬರಿಯ ಮೂಳೆಗಳಿಂದ ಮತ್ತೆ ಕಂಡುಹಿಡಿಯಲು ಸಾಧ್ಯವೆ? ಸಾಧ್ಯ ಎಂದು ತೋರಿಸಿಕೊಟ್ಟದ್ದು ಫೊರೆನ್ಸಿಕ್ ಮಾನವಶಾಸ್ತ್ರ, ಅಂದರೆ ನ್ಯಾಯಾಲಯಕ್ಕೆ ನೆರವಾಗುವ ಮಾನವಶಾಸ್ತ್ರ. ಅರ್ಜೆಂಟೀನಾದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರು ಯಾರು ಗೊತ್ತೆ? ನಿಮ್ಮ ಹಾಗೆಯೇ ಕಾಲೇಜಿನಲ್ಲಿ ಓದುತ್ತಿದ್ದ ಕೆಲವು ವಿದ್ಯಾರ್ಥಿಗಳು. ಅವರು ಕಲಿತದ್ದೇನು, ಮೂಳೆಗಳನ್ನು ಅವರು ಯಾವ ಕ್ರಮದಲ್ಲಿ ಪ್ರಶ್ನಿಸಿದರು ಎಂಬುದನ್ನು ಇಲ್ಲಿ ನೋಡೋಣ.

ಕಾಣೆಯಾದವರು

1976ರ ಮಾರ್ಚ್ 24ರಂದು ಅರ್ಜೆಂಟೀನಾದಲ್ಲಿ ಸೇನೆ ಅಧಿಕಾರವನ್ನು ಕಿತ್ತುಕೊಂಡಿತು. 1983ರ ಡಿಸೆಂಬರ್‌ವರೆಗೆ ಅಲ್ಲಿ ಸೈನಿಕ ಆಡಳಿತವಿತ್ತು. ಆಳುವವರಿಗೆ ಯಾರ ಮೇಲೆ ಸಂಶಯ ಬಂದಿತೋ ಅವರು ಮನೆಯಿಂದಲೋ ಬೀದಿಯಿಂದಲೋ ಮಾಯವಾಗುತ್ತಿದ್ದರು. ವಿದ್ಯಾರ್ಥಿಗಳು, ಕಾರ್ಮಿಕ ಮುಖಂಡರು, ಅಧ್ಯಾಪಕರು, ಪತ್ರಕರ್ತರು ಎಲ್ಲರೂ ಅವರಲ್ಲಿದ್ದರು. ಮನೆಯವರು ಹೋಗಿ ಕೇಳಿದರೆ ಆಡಳಿತದಿಂದ ಉತ್ತರವೇ ಸಿಗುತ್ತಿರಲಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರು 1977ರಿಂದ ರಾಜಧಾನಿ ಬ್ಯೂನಸ್ ಐರಿಸ್‌ನ ಪ್ಲಾಸಾ ದೆ ಮಾಯೊ ಚೌಕದಲ್ಲಿ, ತಲೆಗೆ ಬಿಳಿಯ ವಸ್ತ್ರ ಕಟ್ಟಿಕೊಂಡು, ವಾರ ವಾರವೂ ಮೌನವಾಗಿ ಸುತ್ತು ಬರತೊಡಗಿದರು.

ಪ್ರಜಾಪ್ರಭುತ್ವ ಮರಳಿದ ಮೇಲೆ ಹೊಸ ಸರ್ಕಾರ ನೇಮಿಸಿದ ರಾಷ್ಟ್ರೀಯ ಆಯೋಗವು 1984ರಲ್ಲಿ ಸುಮಾರು 8,960 ಮಂದಿ ಹೀಗೆ ಕಾಣೆಯಾದುದನ್ನು ದಾಖಲಿಸಿತು. ನಿಜವಾದ ಸಂಖ್ಯೆ 30,000ದಷ್ಟು ಎಂದು ಮಾನವ ಹಕ್ಕು ಸಂಘಟನೆಗಳು ಹೇಳುತ್ತ ಬಂದಿವೆ. ಕೆಲವರನ್ನು ವಿಮಾನದಿಂದ ಸಮುದ್ರಕ್ಕೆ ಎಸೆಯಲಾಗಿತ್ತು. ಇನ್ನು ಕೆಲವರನ್ನು ಗುಂಡಿಕ್ಕಿ ಕೊಂದು, ‘ಎನ್.ಎನ್.’ ಎಂದು ಬರೆದು ಊರ ಸ್ಮಶಾನಗಳಲ್ಲಿ ಹೂಳಲಾಗಿತ್ತು.

ಗೋರಿಗಳನ್ನು ತೆರೆಯಲು ನ್ಯಾಯಾಲಯಗಳು ಆದೇಶ ಕೊಟ್ಟವು. ಆದರೆ ತೆರೆದ ಬಗೆ ಹೇಗಿತ್ತು? ಕೆಲವು ಕಡೆ ಬುಲ್‌ಡೋಜರ್ ತಂದು ಮಣ್ಣು ಎತ್ತಿಸಿದರು. ಮೂಳೆಗಳು ಮುರಿದವು. ಒಬ್ಬರ ಮೂಳೆ ಇನ್ನೊಬ್ಬರ ಮೂಳೆಯ ಜೊತೆ ಬೆರೆತುಹೋಯಿತು. ಅನೇಕ ಮೂಳೆಗಳು ಮಣ್ಣಿನಲ್ಲೇ ಉಳಿದವು. ಮಗನ ಸುಳಿವು ಸಿಕ್ಕೀತೆಂದು ಗುಂಡಿಯ ಅಂಚಿನಲ್ಲಿ ಕಾದಿದ್ದವರ ಕಣ್ಣೆದುರಿಗೇ ಆ ಸುಳಿವು ಶಾಶ್ವತವಾಗಿ ಹಾಳಾಗುತ್ತಿತ್ತು.

ಇದನ್ನು ಕಂಡು, ಆಯೋಗ ಮತ್ತು ಪ್ಲಾಸಾ ದೆ ಮಾಯೊದ ಅಜ್ಜಿಯರ ಸಂಘಟನೆ ಅಮೆರಿಕದ ವಿಜ್ಞಾನಿಗಳ ನೆರವು ಕೇಳಿದವು. 1984ರಲ್ಲಿ ಬಂದ ತಂಡದಲ್ಲಿ ಓಕ್ಲಹೋಮದ ಮಾನವಶಾಸ್ತ್ರಜ್ಞ ಕ್ಲೈಡ್ ಸ್ನೋ ಇದ್ದರು. ವಿಮಾನ ಅಪಘಾತಗಳಲ್ಲಿ ಸತ್ತವರ ಅಧ್ಯಯನದಲ್ಲಿ ಪಳಗಿದವರು ಅವರು. ಇಂಥ ಅಗೆತವನ್ನು ಕೂಡಲೇ ನಿಲ್ಲಿಸಿ ಎಂದು ತಂಡ ಹೇಳಿತು. ಸರಿಯಾಗಿ ಅಗೆಯಲು ಜನ ಬೇಕಲ್ಲ? ಸೇನೆಯ ಭಯ ಇನ್ನೂ ಹೋಗಿರಲಿಲ್ಲ. ಮುಂದೆ ಬಂದವರು ಮಾನವಶಾಸ್ತ್ರ, ಪುರಾತತ್ವ ಮತ್ತು ವೈದ್ಯಕೀಯ ಓದುತ್ತಿದ್ದ ಬೆರಳೆಣಿಕೆಯ ತರುಣ ತರುಣಿಯರು. ಹಗಲು ಕೆಲಸ ಮಾಡಿ, ಅಳುವುದಿದ್ದರೆ ರಾತ್ರಿ ಅಳಿ ಎಂಬ ಅರ್ಥದ ಮಾತನ್ನು ಸ್ನೋ ತಮ್ಮ ಶಿಷ್ಯರಿಗೆ ಹೇಳುತ್ತಿದ್ದರು. ಆ ವಿದ್ಯಾರ್ಥಿಗಳ ಗುಂಪೇ ಮುಂದೆ ‘ಅರ್ಜೆಂಟೀನಾ ಫೊರೆನ್ಸಿಕ್ ಮಾನವಶಾಸ್ತ್ರ ತಂಡ’ವಾಯಿತು.

ಮೊದಲ ಪಾಠ: ಅಗೆಯುವುದು

ಮೂಳೆಯ ಅಧ್ಯಯನ ಪ್ರಯೋಗಶಾಲೆಯಲ್ಲಿ ಶುರುವಾಗುತ್ತದೆ ಎಂದು ನೀವು ಭಾವಿಸಿರಬಹುದು. ಅದು ಶುರುವಾಗುವುದು ಮಣ್ಣಿನಲ್ಲಿ. ಹಂಪೆಯಲ್ಲೋ ಸನ್ನತಿಯಲ್ಲೋ ಪುರಾತತ್ವ ಇಲಾಖೆಯವರು ಉತ್ಖನನ ಮಾಡುವುದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಅದೇ ವಿಧಾನ ಇಲ್ಲಿಯೂ. ಮೇಲಿನ ಮಣ್ಣನ್ನು ಪದರ ಪದರವಾಗಿ ತೆಗೆಯಬೇಕು. ಮೂಳೆ ಕಂಡೊಡನೆ ಸಲಿಕೆಯನ್ನು ಬದಿಗಿಟ್ಟು ಸಣ್ಣ ಕರಣೆ, ಬಿದಿರಿನ ಕಡ್ಡಿ, ಕುಂಚಗಳನ್ನು ಹಿಡಿಯಬೇಕು. ಇಡೀ ಅಸ್ಥಿಪಂಜರ ಬಯಲಾಗುವ ತನಕ ಒಂದು ಮೂಳೆಯನ್ನೂ ಕದಲಿಸಬಾರದು. ಆಮೇಲೆ ಛಾಯಾಚಿತ್ರ, ಅಳತೆ, ನಕ್ಷೆ. ತೆಗೆದ ಮಣ್ಣನ್ನೆಲ್ಲ ಜರಡಿ ಹಿಡಿಯಬೇಕು.

ಇಷ್ಟು ಕಷ್ಟ ಏಕೆ? ವಯಸ್ಕರ ದೇಹದಲ್ಲಿ 206 ಮೂಳೆಗಳಿವೆ. ಒಂದು ಕೈಯಲ್ಲಿ, ಮಣಿಕಟ್ಟೂ ಸೇರಿ, 27. ಒಂದು ಪಾದದಲ್ಲಿ 26. ನೀವೇ ಲೆಕ್ಕ ಹಾಕಿ: ಎರಡು ಕೈ, ಎರಡು ಪಾದ ಸೇರಿದರೆ 106. ಅರ್ಧಕ್ಕಿಂತ ಹೆಚ್ಚು ಮೂಳೆಗಳು ಬೆಣಚುಕಲ್ಲಿನ ಗಾತ್ರದ ಚೂರುಗಳು. ಸಡಿಲವಾದ ಹಲ್ಲುಗಳೂ ಮಣ್ಣಿಗೆ ಬಿದ್ದಿರುತ್ತವೆ. ಇನ್ನೂ ಒಂದು ಕಾರಣವುಂಟು. ದೇಹದೊಳಗೆ ಉಳಿದ ಗುಂಡು, ಮಾಂಸ ಕರಗಿದ ಮೇಲೆ ಪಕ್ಕೆಲುಬುಗಳ ನಡುವೆಯೋ ತಲೆಬುರುಡೆಯ ಒಳಗೋ ಬಿದ್ದಿರುತ್ತದೆ. ಅದು ಬಿದ್ದ ಜಾಗವೇ ಸಾಕ್ಷ್ಯ. ಬುಲ್‌ಡೋಜರ್ ಒಮ್ಮೆ ಹರಿದರೆ ಆ ಸಾಕ್ಷ್ಯ ಮತ್ತೆ ಹುಟ್ಟುವುದಿಲ್ಲ.

ಮೂಳೆಗೆ ಕೇಳುವ ಪ್ರಶ್ನೆಗಳು

ಪ್ರಯೋಗಶಾಲೆಯಲ್ಲಿ ಮೂಳೆಗಳನ್ನು ತೊಳೆದು, ಒಣಗಿಸಿ, ಮೇಜಿನ ಮೇಲೆ ದೇಹದ ಆಕಾರದಲ್ಲಿಯೇ ಜೋಡಿಸುತ್ತಾರೆ. ‘ಇದು ಯಾರು?’ ಎಂಬ ಪ್ರಶ್ನೆಯನ್ನು ಮೊದಲು ಕೇಳುವುದಿಲ್ಲ. ಅದು ಕೊನೆಯ ಪ್ರಶ್ನೆ.

ಮೊದಲ ಪ್ರಶ್ನೆ: ಇದು ಮನುಷ್ಯರದೇ? ಕುರಿ, ಹಂದಿ, ನಾಯಿಯ ಮೂಳೆಗಳನ್ನು ಮನುಷ್ಯರದೆಂದು ಜನ ಗಾಬರಿಯಾಗುವುದುಂಟು. ಚರ್ಮ ಸುಲಿದ ಕರಡಿಯ ಪಾದವಂತೂ ಮನುಷ್ಯರ ಅಂಗೈಯನ್ನೇ ಹೋಲುತ್ತದೆ.

ಎರಡನೆಯದು: ಎಷ್ಟು ಜನ? ರಾಶಿಯಲ್ಲಿ ಮೂರು ಬಲ ತೊಡೆಮೂಳೆಗಳು ಸಿಕ್ಕರೆ ಕನಿಷ್ಠ ಮೂವರು ಇರಲೇಬೇಕು. ಏಕೆಂದರೆ ಒಬ್ಬರಿಗೆ ಬಲ ತೊಡೆಮೂಳೆ ಒಂದೇ. ಹೆಚ್ಚು ಜನರಿರಬಹುದು, ಕಡಿಮೆ ಇರಲಾರರು. ಈ ‘ಕನಿಷ್ಠ’ ಎಂಬ ಮಾತನ್ನು ಗಮನಿಸಿ. ಮೂಳೆ ಎಷ್ಟನ್ನು ಹೇಳಿತೋ ಅಷ್ಟನ್ನೇ ಹೇಳುವುದು ಈ ಶಾಸ್ತ್ರದ ಶಿಸ್ತು.

ಗಂಡೋ ಹೆಣ್ಣೋ?

ಇದಕ್ಕೆ ಅತ್ಯುತ್ತಮ ಉತ್ತರ ಕೊಡುವುದು ಸೊಂಟದ ಮೂಳೆ. ಹೆಣ್ಣಿನ ಸೊಂಟದ ಮೂಳೆಯ ರಚನೆಯಲ್ಲಿ ಮಗು ಹೊರಬರಲು ದಾರಿ ಇರಬೇಕು. ಆದ್ದರಿಂದ ಅದು ಅಗಲ. ಸೊಂಟದ ಎರಡೂ ಪಕ್ಕದ ಮೂಳೆಗಳು ಮುಂಭಾಗದಲ್ಲಿ ಕೂಡುವಲ್ಲಿ, ಅವುಗಳ ಕೆಳಗೆ ಒಂದು ಕೋನ ಏರ್ಪಡುತ್ತದೆ. ಅದು ಹೆಂಗಸರಲ್ಲಿ ಅಗಲ, ಗಂಡಸರಲ್ಲಿ ಕಿರಿದು. ತಲೆಬುರುಡೆಯಲ್ಲಿಯೂ ಸುಳಿವುಗಳಿವೆ. ಗಂಡಸರಲ್ಲಿ ಹುಬ್ಬಿನ ಮೇಲಿನ ಏಣು, ಕಿವಿಯ ಹಿಂದಿನ ಗುಬುಟು ಸಾಮಾನ್ಯವಾಗಿ ದಪ್ಪ. ನಿಮ್ಮ ಕಿವಿಯ ಹಿಂದೆ ಬೆರಳಿಟ್ಟು ನೋಡಿ, ಆ ಗುಬುಟು ಸಿಗುತ್ತದೆ. ಆದರೆ ತಲೆಬುರುಡೆಗಿಂತ ಸೊಂಟದ ಮೂಳೆಯ ಮಾತೇ ಹೆಚ್ಚು ನಂಬಿಕೆಗೆ ಅರ್ಹ. ಪ್ರಾಯಕ್ಕೆ ಬರುವ ಮುನ್ನ ಈ ವ್ಯತ್ಯಾಸಗಳು ಮೂಡಿರುವುದಿಲ್ಲ. ಹಾಗಾಗಿ ಸಣ್ಣ ಮಗುವಿನ ಮೂಳೆಯನ್ನು ಕಣ್ಣಿನಿಂದ ನೋಡಿ ಗಂಡು ಹೆಣ್ಣು ಎಂದು ಖಚಿತವಾಗಿ ಹೇಳಲಾಗದು.

ಇಲ್ಲೊಂದು ಎಚ್ಚರಿಕೆಯ ಮಾತು. ಸೊಂಟದ ಮೂಳೆಯ ಮೇಲಿನ ಕೆಲವು ತಗ್ಗುಗಳು ಹೆರಿಗೆಯ ಗುರುತು ಎಂದು ಹಿಂದೆ ನಂಬಲಾಗಿತ್ತು. ಹೆರದವರಲ್ಲಿಯೂ ಅಂಥ ತಗ್ಗುಗಳು ಇರಬಹುದು, ಹೆತ್ತವರಲ್ಲಿ ಇಲ್ಲದೆಯೂ ಇರಬಹುದು ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಇಂದು ಆ ಒಂದು ಗುರುತನ್ನು ನೆಚ್ಚಿ ಯಾರೂ ತೀರ್ಮಾನ ಕೊಡುವುದಿಲ್ಲ. ವಿಜ್ಞಾನ ತನ್ನ ಹಳೆಯ ಮಾತನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ವಯಸ್ಸೆಷ್ಟು?

ಎಳೆಯರಲ್ಲಿ ಹಲ್ಲೇ ಕ್ಯಾಲೆಂಡರು. ಮೊದಲ ಶಾಶ್ವತ ದವಡೆಹಲ್ಲು ಸುಮಾರು 6ನೇ ವರ್ಷಕ್ಕೆ, ಎರಡನೆಯದು ಸುಮಾರು 12ಕ್ಕೆ ಮೂಡುತ್ತದೆ. ಬುದ್ಧಿಹಲ್ಲು ಮಾತ್ರ ನೆಚ್ಚಲಾಗದ ಅತಿಥಿ. 17ಕ್ಕೂ ಬರಬಹುದು, 25ಕ್ಕೂ ಬರಬಹುದು, ಬಾರದೆಯೂ ಇರಬಹುದು.

ಆಮೇಲೆ ಮೂಳೆಯ ತುದಿಗಳನ್ನು ನೋಡುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಉದ್ದ ಮೂಳೆಯ ತುದಿ ಟೊಪ್ಪಿಗೆಯಂತೆ ಬೇರೆಯಾಗಿರುತ್ತದೆ. ನಡುವೆ ಮೃದ್ವಸ್ಥಿಯ ಪದರವಿದ್ದು, ಮೂಳೆ ಉದ್ದವಾಗುವುದು ಅಲ್ಲಿಯೇ. ಬೆಳವಣಿಗೆ ಮುಗಿದಾಗ ಟೊಪ್ಪಿಗೆ ಕಾಂಡಕ್ಕೆ ಬೆಸೆದುಕೊಳ್ಳುತ್ತದೆ. ಒಂದೊಂದು ಮೂಳೆಗೂ ಒಂದೊಂದು ವಯಸ್ಸು. ಎಲ್ಲಕ್ಕಿಂತ ಕೊನೆಗೆ ಬೆಸೆಯುವುದು ಕೊರಳೆಲುಬು ಎದೆಮೂಳೆಯನ್ನು ಸೇರುವ ತುದಿ; ಅದು ಪೂರ್ತಿಯಾಗುವುದು ಇಪ್ಪತ್ತರ ಹರೆಯದ ಕೊನೆಯ ವರ್ಷಗಳಲ್ಲಿ. ಅರ್ಜೆಂಟೀನಾದಲ್ಲಿ ಕಾಣೆಯಾದವರಲ್ಲಿ ತರುಣರೇ ಹೆಚ್ಚಿದ್ದುದರಿಂದ ಈ ಪುಟ್ಟ ತುದಿ ಬಹಳ ಮುಖ್ಯವಾಗಿತ್ತು.

ಮೂವತ್ತು ದಾಟಿದ ಮೇಲೆ ಬೆಳವಣಿಗೆಯ ಗುರುತುಗಳಿಲ್ಲ, ಸವೆತದ ಗುರುತುಗಳಷ್ಟೇ. ಸೊಂಟದ ಮೂಳೆಗಳು ಮುಂಭಾಗದಲ್ಲಿ ಕೂಡುವ ಮೈ ತರುಣರಲ್ಲಿ ಉಕ್ಕೆ ಹೊಡೆದ ಹೊಲದಂತೆ ಏಣು ಏಣಾಗಿರುತ್ತದೆ. ವಯಸ್ಸಾದಂತೆ ಅದು ಮಟ್ಟಸವಾಗಿ ಕೊನೆಗೆ ಸವೆಯುತ್ತದೆ. ಈ ಬದಲಾವಣೆಗಳನ್ನು ಟಾಡ್ ಎಂಬ ವಿಜ್ಞಾನಿ 1920ರಲ್ಲಿ ಹಂತ ಹಂತವಾಗಿ ವಿವರಿಸಿದರು. ಆದರೆ ಸವೆತ ಎಲ್ಲರಲ್ಲಿ ಒಂದೇ ವೇಗದಲ್ಲಿ ಆಗುವುದಿಲ್ಲ. ಆದ್ದರಿಂದ 16 ವರ್ಷದ ಹುಡುಗನ ವಯಸ್ಸನ್ನು ಎರಡು ಮೂರು ವರ್ಷಗಳ ಅಂತರದಲ್ಲಿ ಹೇಳಬಹುದಾದರೆ, 50 ದಾಟಿದವರ ವಿಷಯದಲ್ಲಿ ಹತ್ತು, ಹದಿನೈದು ವರ್ಷಗಳ ಅಂತರ ಬಿಟ್ಟುಕೊಡಬೇಕಾಗುತ್ತದೆ.

ಈ ವಿದ್ಯೆ ಸತ್ತವರಿಗಷ್ಟೇ ಸೀಮಿತವಲ್ಲ. ನಮ್ಮ ದೇಶದಲ್ಲಿ ಒಬ್ಬ ಆರೋಪಿ ಬಾಲಕನೋ ಅಲ್ಲವೋ ಎಂಬ ಪ್ರಶ್ನೆ ಬಂದಾಗ, 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪತ್ರ ನೋಡುತ್ತಾರೆ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆಯ ತುದಿಗಳ ಎಕ್ಸ್‌ರೇ ಮುಂತಾದ ವೈದ್ಯಕೀಯ ಪರೀಕ್ಷೆ.

ಎತ್ತರವೆಷ್ಟು?

ತೊಡೆಮೂಳೆ ಉದ್ದವಿದ್ದಷ್ಟೂ ಆಳು ಎತ್ತರ. ಈ ಸಂಬಂಧವನ್ನು ಸೂತ್ರವಾಗಿ ಬರೆದವರಲ್ಲಿ ಮಿಲ್‌ಡ್ರೆಡ್ ಟ್ರಾಟರ್ ಮತ್ತು ಗೋಲ್ಡೈನ್ ಗ್ಲೆಸರ್ ಪ್ರಮುಖರು. ಎರಡನೆಯ ಮಹಾಯುದ್ಧದಲ್ಲಿ ಮಡಿದ ಅಮೆರಿಕದ ಸೈನಿಕರ ಮೂಳೆಗಳನ್ನೂ ಅಳೆದು ಅವರು 1952ರಲ್ಲಿ ಸೂತ್ರಗಳನ್ನು ಪ್ರಕಟಿಸಿದರು. ಅಮೆರಿಕದ ಬಿಳಿಯ ಗಂಡಸರಿಗೆ ಅವರು ಕೊಟ್ಟ ಸೂತ್ರ ಹೀಗಿದೆ: ತೊಡೆಮೂಳೆಯ ಉದ್ದವನ್ನು 2.38ರಿಂದ ಗುಣಿಸಿ 61.41 ಕೂಡಿಸಿ. ಬಂದದ್ದು ಸೆಂಟಿಮೀಟರಿನಲ್ಲಿ ಎತ್ತರ. ತಪ್ಪಿನ ಅಂದಾಜು 3.27 ಸೆಂ.ಮೀ. ಹೆಚ್ಚು ಅಥವಾ ಕಡಿಮೆ.

ತೊಡೆಮೂಳೆ 45 ಸೆಂ.ಮೀ. ಇದ್ದರೆ ಎತ್ತರವೆಷ್ಟು? ಸುಮಾರು 168.5 ಸೆಂ.ಮೀ. ಅಂದರೆ 165 ಮತ್ತು 172ರ ನಡುವೆ ಎಂದು ಹೇಳಬಹುದು. ಹಾಗೆ ಹೇಳಿದರೂ ಮೂವರಲ್ಲಿ ಸುಮಾರು ಒಬ್ಬರ ಎತ್ತರ ಆ ಗಡಿಯ ಹೊರಗೇ ಬೀಳುತ್ತದೆ. ಇನ್ನೊಂದು ಮಾತು: ಕೈಕಾಲಿಗೂ ಮುಂಡಕ್ಕೂ ಇರುವ ಪ್ರಮಾಣ ಎಲ್ಲ ಜನಸಮುದಾಯಗಳಲ್ಲಿ ಒಂದೇ ಅಲ್ಲ. ಅಮೆರಿಕದ ಸೈನಿಕರ ಸೂತ್ರವನ್ನು ನಮ್ಮವರ ಮೂಳೆಗೆ ಹಾಗೆಯೇ ಹಚ್ಚಿದರೆ ಉತ್ತರ ತಪ್ಪಬಹುದು. ಅದಕ್ಕೇ ಆಯಾ ಪ್ರದೇಶದ ಜನರನ್ನು ಅಳೆದು ಬೇರೆ ಬೇರೆ ಸೂತ್ರಗಳನ್ನು ಮಾಡಬೇಕಾಗುತ್ತದೆ.

ಗಾಯದ ಕಥೆ

ಮೂಳೆ ಜೀವಂತ ಅಂಗಾಂಶ. ಬದುಕಿದ್ದಾಗ ಮುರಿದ ಮೂಳೆ ಕೂಡಿಕೊಂಡ ಜಾಗದಲ್ಲಿ ಗಂಟು ಕಟ್ಟುತ್ತದೆ, ಅಂಚುಗಳು ನುಣುಪಾಗುತ್ತವೆ. ಸಾವಿನ ಹೊತ್ತಿಗೆ ಮುರಿದದ್ದರಲ್ಲಿ ವಾಸಿಯಾದ ಗುರುತಿಲ್ಲ. ಆದರೆ ಹಸಿ ಕೋಲು ಮುರಿದಂತೆ ಸೀಳು ಓರೆಯಾಗಿ ಹರಿದಿರುತ್ತದೆ. ಎಷ್ಟೋ ವರ್ಷಗಳ ಮೇಲೆ, ಅಗೆಯುವಾಗ ಮುರಿದದ್ದು ಒಣಕಡ್ಡಿಯಂತೆ ಪಟಕ್ಕನೆ ಮುರಿದು, ಒಡೆದ ಅಂಚಿನ ಬಣ್ಣ ಬೇರೆಯೇ ಕಾಣುತ್ತದೆ.

ತಲೆಬುರುಡೆಯ ಮೂಳೆಗೆ ಗುಂಡು ತಾಗಿದರೆ ಅದು ಬಂದ ದಿಕ್ಕೂ ತಿಳಿಯುತ್ತದೆ. ಒಳಹೊಕ್ಕ ಕಡೆ ರಂಧ್ರ ಹೊರಮೈಯಲ್ಲಿ ಚಿಕ್ಕದು, ಒಳಮೈಯಲ್ಲಿ ಆಲಿಕೆಯಂತೆ ಅಗಲ. ಹೊರಬಿದ್ದ ಕಡೆ ಇದಕ್ಕೆ ಸರಿಯಾಗಿ ವಿರುದ್ಧ. ‘ಸೈನಿಕರೊಡನೆ ಹೋರಾಡಿ ಸತ್ತರು’ ಎಂದು ವರದಿಯಾದವರ ತಲೆಬುರುಡೆಯಲ್ಲಿ ಹತ್ತಿರದಿಂದ, ಹಿಂದಿನಿಂದ ಹೊಡೆದ ಗುಂಡಿನ ಗುರುತು ಇದ್ದರೆ ಆ ವರದಿಯ ಬಗ್ಗೆ ಏನು ಹೇಳಬೇಕು? ಯೋಚಿಸಿ ನೋಡಿ.

ಕೊನೆಯ ಪ್ರಶ್ನೆ: ಯಾರು?

ಇಷ್ಟೆಲ್ಲ ಆದ ಮೇಲೂ ನಮ್ಮ ಕೈಯಲ್ಲಿರುವುದು ‘ಹೆಂಗಸು, 20ರಿಂದ 25 ವರ್ಷ, ಸುಮಾರು 155 ಸೆಂ.ಮೀ. ಎತ್ತರ’ ಎಂಬಂಥ ವರ್ಣನೆ. ಇದು ಸಾವಿರಾರು ಜನರಿಗೆ ಹೊಂದುತ್ತದೆ. ಹೊಂದುತ್ತದೆ ಎಂದ ಮಾತ್ರಕ್ಕೆ ಅವರೇ ಎಂದಲ್ಲ. ಆದರೆ ಹೊಂದದವರನ್ನು ಪಟ್ಟಿಯಿಂದ ತೆಗೆಯಬಹುದು. ಉಳಿದ ಕೆಲವರ ಮನೆಗೆ ಈಗ ವಿಜ್ಞಾನಿ ಹೋಗಬೇಕು.

ಅಲ್ಲಿ ಕೇಳುವುದು ಪುಸ್ತಕದ ಪ್ರಶ್ನೆಗಳಲ್ಲ. ಚಿಕ್ಕಂದಿನಲ್ಲಿ ಬಿದ್ದು ಕೈ ಮುರಿದುಕೊಂಡಿದ್ದನೆ? ಯಾವ ಕೈ? ಮುಂದಿನ ಹಲ್ಲು ಓರೆಯಿತ್ತೆ? ದಂತವೈದ್ಯರು ಯಾವ ಹಲ್ಲಿಗೆ ಸಿಮೆಂಟ್ ತುಂಬಿದ್ದರು? ಹಳೆಯ ಎಕ್ಸ್‌ರೇ ಉಳಿದಿದೆಯೆ? ತಾಯಿಯ ನೆನಪು, ದಂತವೈದ್ಯರ ಕಾರ್ಡು, ಒಂದು ಎಕ್ಸ್‌ರೇ ಹಾಳೆ. ಇವುಗಳ ಜೊತೆ ಮೂಳೆಯನ್ನು ಹೋಲಿಸುತ್ತಾರೆ. ಹುಬ್ಬಿನ ಹಿಂದೆ ಮೂಳೆಯೊಳಗಿರುವ ಗಾಳಿಗೂಡುಗಳ ಅಂಚು ಒಬ್ಬರಿದ್ದಂತೆ ಇನ್ನೊಬ್ಬರದು ಇರುವುದಿಲ್ಲ. ಹಳೆಯ ಎಕ್ಸ್‌ರೇ ಸಿಕ್ಕರೆ ಅದೊಂದೇ ದೊಡ್ಡ ಪುರಾವೆ.

ಡಿ.ಎನ್.ಎ. ಬಗ್ಗೆ ನೀವು ಕೇಳಿಯೇ ಇರುತ್ತೀರಿ. ಅದರಿಂದ ವ್ಯಕ್ತಿಯನ್ನು ಗುರುತಿಸುವ ವಿಧಾನವನ್ನು ಇಂಗ್ಲೆಂಡಿನ ಅಲೆಕ್ ಜೆಫ್ರಿಸ್ ಕಂಡುಹಿಡಿದದ್ದು 1984ರಲ್ಲಿ. ಆ ವರ್ಷ ಗೋರಿ ತೆರೆದ ವಿದ್ಯಾರ್ಥಿಗಳಿಗೆ ಅದು ಲಭ್ಯವಿರಲಿಲ್ಲ. ಬ್ಯೂನಸ್ ಐರಿಸ್ ಪಕ್ಕದ ಅವೆಯಾನೆಡಾ ಸ್ಮಶಾನದಲ್ಲಿ 1988ರಿಂದ 1992ರವರೆಗೆ ತಂಡ 300ಕ್ಕೂ ಹೆಚ್ಚು ಅಸ್ಥಿಪಂಜರಗಳನ್ನು ತೆಗೆಯಿತು. ಅವುಗಳಲ್ಲಿ ಅನೇಕಕ್ಕೆ ಆಗ ಹೆಸರು ಸಿಗಲಿಲ್ಲ. 2007ರಲ್ಲಿ, ಕಾಣೆಯಾದವರ ಬಂಧುಗಳು ರಕ್ತದ ಮಾದರಿ ಕೊಡಿ ಎಂದು ದೊಡ್ಡ ಕರೆ ಹೋಯಿತು. ಮೂಳೆಯ ಡಿ.ಎನ್.ಎ.ಯನ್ನು ಬಂಧುಗಳ ಡಿ.ಎನ್.ಎ. ಜೊತೆ ಹೋಲಿಸಿದಾಗ ಪೆಟ್ಟಿಗೆಗಳಲ್ಲಿ ವರ್ಷಗಟ್ಟಲೆ ಕಾದಿದ್ದ ಹಲವರಿಗೆ ಹೆಸರು ಬಂದಿತು. ಮೊದಲು ಜೋಪಾನವಾಗಿ ಅಗೆದು, ಗುರುತು ಹಾಕಿ ಇಟ್ಟಿದ್ದರಿಂದಲೇ ಇದು ಸಾಧ್ಯವಾಯಿತು ಎಂಬುದನ್ನು ಮರೆಯಬೇಡಿ.

ಎಲ್ಲ ತಾಯಂದಿರೂ ಇದನ್ನು ಬಯಸಲಿಲ್ಲ. ಮಕ್ಕಳನ್ನು ಜೀವಂತವಾಗಿ ಒಯ್ದಿರಿ, ಜೀವಂತವಾಗಿ ತಂದುಕೊಡಿ ಎಂದು ಕೇಳುತ್ತಿದ್ದವರು ಮೂಳೆಯ ಪೆಟ್ಟಿಗೆಯನ್ನು ಒಪ್ಪಲಾರದಾದರು. ಬೇರೆಯವರಿಗೆ ಮಗನ ಗೋರಿಯ ಮುಂದೆ ಕೂತು ಅಳುವ ಒಂದು ಜಾಗ ಬೇಕಿತ್ತು. ಇವೆರಡರಲ್ಲಿ ಯಾವುದು ಸರಿ ಎಂದು ವಿಜ್ಞಾನ ತೀರ್ಪು ಕೊಡಲಾರದು.

ನ್ಯಾಯಾಲಯದಲ್ಲಿ ಮೂಳೆ

1985ರಲ್ಲಿ ಸೇನಾಡಳಿತದ ಒಂಬತ್ತು ಮಂದಿ ಮುಖ್ಯಸ್ಥರ ವಿಚಾರಣೆ ಸಾಮಾನ್ಯ ನ್ಯಾಯಾಲಯದಲ್ಲಿ ನಡೆಯಿತು. ಕ್ಲೈಡ್ ಸ್ನೋ ಸಾಕ್ಷಿಕಟ್ಟೆಗೆ ಬಂದು, ಮೂಳೆಗಳ ಚಿತ್ರಗಳನ್ನು ತೆರೆಯ ಮೇಲೆ ತೋರಿಸಿ ಅವು ಹೇಳುವುದನ್ನು ವಿವರಿಸಿದರು. ಡಿಸೆಂಬರ್ 9ರಂದು ಬಂದ ತೀರ್ಪಿನಲ್ಲಿ ಐವರಿಗೆ ಶಿಕ್ಷೆಯಾಯಿತು. ಅವರಲ್ಲಿ ವಿಡೇಲಾ ಮತ್ತು ಮಸ್ಸೇರಾ ಇಬ್ಬರಿಗೆ ಜೀವಾವಧಿ. ಮುಂದೆ 1990ರಲ್ಲಿ ಅವರಿಗೆ ಕ್ಷಮಾದಾನ ದೊರೆಯಿತು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸೈನಿಕರನ್ನು ರಕ್ಷಿಸುತ್ತಿದ್ದ ಕಾನೂನುಗಳನ್ನು ತಳ್ಳಿಹಾಕಿದ ಮೇಲೆ ವಿಚಾರಣೆಗಳು ಮತ್ತೆ ಶುರುವಾದವು. ಅಷ್ಟು ವರ್ಷ ಕಾದಿದ್ದರೂ ಮೂಳೆಗಳು ತಮ್ಮ ಹೇಳಿಕೆಯನ್ನು ಬದಲಿಸಿರಲಿಲ್ಲ.

ಆದರೆ ಮೂಳೆ ಹೇಳಲಾರದ್ದೂ ಬಹಳವಿದೆ. ಸತ್ತವರ ಜಾತಿ, ಮತ, ಭಾಷೆ ಮೂಳೆಯ ಮೇಲೆ ಬರೆದಿರುವುದಿಲ್ಲ. ಗುಂಡು ಯಾವ ಕಡೆಯಿಂದ ಬಂತೆಂದು ತಲೆಬುರುಡೆ ಹೇಳುತ್ತದೆ. ಹೊಡೆದ ಕೈ ಯಾರದೆಂದು ಹೇಳುವುದಿಲ್ಲ. ಅದಕ್ಕೆ ದಾಖಲೆ ಬೇಕು, ಬದುಕುಳಿದವರ ಸಾಕ್ಷ್ಯ ಬೇಕು. ಒಳ್ಳೆಯ ವಿಜ್ಞಾನಿ ‘ಗೊತ್ತಾಗುವುದಿಲ್ಲ’ ಎಂದು ಬರೆಯಲು ನಾಚುವುದಿಲ್ಲ. ಅವಸರದಲ್ಲಿ ತಪ್ಪು ಹೆಸರು ಕೊಟ್ಟರೆ ಒಂದು ಮನೆಗೆ ಪರರ ಮಗನ ಮೂಳೆ ಹೋಗುತ್ತದೆ. ಇನ್ನೊಂದು ಮನೆಯವರು ಬಾಗಿಲು ತೆರೆದಿಟ್ಟು ಕಾಯುತ್ತಲೇ ಇರುತ್ತಾರೆ.

ನಿಮಗೊಂದು ಮಾತು

ನಮ್ಮ ರಾಜ್ಯದಲ್ಲಿ ಪೊಲೀಸರಿಗೆ ಸಿಕ್ಕ ಮೂಳೆಗಳನ್ನು ವೈದ್ಯಕೀಯ ಕಾಲೇಜುಗಳ ನ್ಯಾಯವೈದ್ಯಶಾಸ್ತ್ರ ವಿಭಾಗಗಳಲ್ಲಿ ಪರೀಕ್ಷಿಸುತ್ತಾರೆ. ಮಾನವಶಾಸ್ತ್ರವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಬಹುದು. ಕಲಾ ವಿದ್ಯಾರ್ಥಿಗಳಿಗೂ ವಿಜ್ಞಾನ ವಿದ್ಯಾರ್ಥಿಗಳಿಗೂ ಈ ವಿಷಯದಲ್ಲಿ ಆಸಕ್ತಿ ಹುಟ್ಟಬಹುದು.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ಮನುಷ್ಯರದೆಂದು ತೋರುವ ಮೂಳೆ ಸಿಕ್ಕರೆ ಏನು ಮಾಡಬೇಕೆಂದು ಈಗ ನಿಮಗೆ ಗೊತ್ತು. ಮುಟ್ಟಬೇಡಿ, ಎತ್ತಬೇಡಿ, ತೊಳೆಯಬೇಡಿ. ಅಗೆತ ನಿಲ್ಲಿಸಿ ಪೊಲೀಸರಿಗೆ ತಿಳಿಸಿ.

ಇನ್ನೊಂದು ಸಣ್ಣ ಕೆಲಸ. ಮನೆಯಲ್ಲಿ ತಮ್ಮನೋ ತಂಗಿಯೋ ಕೈ ಮುರಿದುಕೊಂಡಾಗ ತೆಗೆಸಿದ ಎಕ್ಸ್‌ರೇ ಇದ್ದರೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೂಳೆಯ ತುದಿಯಲ್ಲಿ ಬೇರೆಯಾಗಿ ನಿಂತ ಟೊಪ್ಪಿಗೆ ಕಾಣುತ್ತದೆಯೆ? ಅಪ್ಪನ ಅಥವಾ ಅಜ್ಜಿಯ ಎಕ್ಸ್‌ರೇಯಲ್ಲಿ ಅದು ಏಕೆ ಕಾಣುವುದಿಲ್ಲ? ಉತ್ತರವನ್ನು ತರಗತಿಯಲ್ಲಿ ಗೆಳೆಯರೊಡನೆ ಚರ್ಚಿಸಿ. ನೋಡಿದ ಮೇಲೆ ಆ ಎಕ್ಸ್‌ರೇಯನ್ನು ಜೋಪಾನವಾಗಿ ಎತ್ತಿಡಿ.